ಸತ್ಯಾಂಶ: ಸಿಮೆಂಟ್ ನೆಲ ಬ್ಯಾಟರಿಯ ಚಾರ್ಜ್ ಹೀರುವುದಿಲ್ಲ

ಇನ್ವರ್ಟರ್ ಬ್ಯಾಟರಿಯನ್ನು ಬರಿ ನೆಲದ ಮೇಲಿಟ್ಟರೆ ಚಾರ್ಜ್ ಭೂಮಿಗೆ ಇಳಿದುಹೋಗುತ್ತದೆ, ಆದ್ದರಿಂದ ಅದನ್ನು ಮರದ ಕಪಾಟಿನೊಳಗೆ ಮುಚ್ಚಿಡಬೇಕು ಎಂಬ ಸಂದೇಶ ಬೇಸಿಗೆ ಬಂತೆಂದರೆ ದಾವಣಗೆರೆಯ ಮೊಬೈಲುಗಳಲ್ಲಿ ಸುತ್ತತೊಡಗುತ್ತದೆ.

ಮೊದಲ ಮಾತು ಒಂದು ಕಾಲಕ್ಕೆ ಪೂರ್ತಿ ಸುಳ್ಳಾಗಿರಲಿಲ್ಲ. ಬ್ಯಾಟರಿಯ ಹೊರಕವಚ ಡಾಂಬರು ಬಳಿದ ಮರದ್ದೋ ಗಟ್ಟಿ ರಬ್ಬರಿನದ್ದೋ ಆಗಿದ್ದ ದಿನಗಳಲ್ಲಿ ತೇವ ಮತ್ತು ಆಸಿಡ್ ಸೇರಿ ಚಾರ್ಜ್ ಸೋರಿಕೆಗೆ ದಾರಿಯಾಗುತ್ತಿತ್ತು. ಇಂದಿನ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನ ಪೆಟ್ಟಿಗೆಯ ಮೂಲಕ ವಿದ್ಯುತ್ ಹರಿಯುವುದಿಲ್ಲ. ಸುಮ್ಮನೆ ಇಟ್ಟ ಬ್ಯಾಟರಿಯ ಚಾರ್ಜ್ ಇಳಿಯುವುದು ಒಳಗಿನ ರಾಸಾಯನಿಕ ಕ್ರಿಯೆಯಿಂದ. ಅದು ಸೆಕೆಗೆ ಚುರುಕಾಗುವುದರಿಂದ ನಮ್ಮೂರಿನ ಏಪ್ರಿಲ್‌ನಲ್ಲಿ ತಣ್ಣನೆಯ ನೆಲವೇ ಅದಕ್ಕೆ ಹಿತ. ಚಾರ್ಜ್ ಸೋರಿಕೆ ಹುಡುಕುವುದಾದರೆ ಬ್ಯಾಟರಿಯ ತಲೆಯ ಮೇಲೆ, ಎರಡು ಟರ್ಮಿನಲ್‌ಗಳ ನಡುವೆ ಅಂಟಿಕೊಂಡ ಆಸಿಡ್ ಜಿಡ್ಡಿನ ಧೂಳನ್ನು ನೋಡಬೇಕು.

ನಿಜವಾದ ಅಪಾಯವಿರುವುದು ಕಪಾಟಿನ ಸಲಹೆಯಲ್ಲಿ. ಡಿಸ್ಟಿಲ್ಡ್ ವಾಟರ್ ಹಾಕುವ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬಿಡುತ್ತದೆ. ಮುಚ್ಚಿದ ಜಾಗದ ಗಾಳಿಯಲ್ಲಿ ಅದು ಶೇ. 4ಕ್ಕೆ ಮುಟ್ಟಿದರೆ ಹೊತ್ತಿಕೊಳ್ಳಲು ಒಂದು ಕಿಡಿ ಸಾಕು. ಹಜಾರವೋ ಗಾಳಿಯಾಡುವ ಹಿತ್ತಿಲ ಕೋಣೆಯೋ ಲೇಸು, ಮಲಗುವ ಕೋಣೆಯಂತೂ ಬೇಡ.

ಜಾಗ ಬದಲಿಸುವಾಗ ಇನ್ವರ್ಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಮೊದಲು ನೆಗೆಟಿವ್ ವೈರನ್ನು ಬಿಚ್ಚಬೇಕು. ಮರಳಿ ಜೋಡಿಸುವಾಗ ಅದೇ ಕೊನೆಯದು. ಇನ್ವರ್ಟರ್‌ಗೂ ಬ್ಯಾಟರಿಗೂ ನಡುವಿನ ದೂರ ಹೆಚ್ಚಿದಷ್ಟೂ ವೈರ್ ದಪ್ಪವಾಗಿರಬೇಕು, ಪಾಸಿಟಿವ್ ತುದಿಯ ಹತ್ತಿರವೇ ಫ್ಯೂಸ್ ಇರಬೇಕು. ಮತ್ತೊಂದು ಬ್ಯಾಟರಿ ಸೇರಿಸುವವರು (ಉಳಿತಾಯವೆಂದು ಹಲವರು ಮಾಡುವುದು ಇದನ್ನೇ) ನಾಲ್ಕು ವರ್ಷದ ಹಳೆಯದರ ಪಕ್ಕಕ್ಕೆ ಹೊಸದನ್ನು ಕಟ್ಟಿದರೆ, ಹಳೆಯದು ಹೊಸದನ್ನೂ ಬೇಗ ಸವೆಸುತ್ತದೆ.