ಆರ್‌ಪಿಎಂ ಇಳಿಯಲೇಬೇಕು

ಹೋದ ತಿಂಗಳು ನಮ್ಮ ಸೋದರಮಾವನನ್ನು ಮೊದಲ ಸಲ ಸೆಸ್ನಾ 172 ಅನ್ನುವ ಸಣ್ಣ ವಿಮಾನದಲ್ಲಿ ಕೂರಿಸಿಕೊಂಡು ಹಾರಿದೆ. ರನ್‌ವೇ ಹತ್ತಿರ ಬಂದು ವಿಮಾನ ನಿಲ್ಲಿಸಿ, ಬ್ರೇಕ್ ಒತ್ತಿ ಹಿಡಿದು ಇಂಜಿನ್ ಜೋರು ಮಾಡಿದೆ. ಇಡೀ ವಿಮಾನ ಗಡಗಡ ಅಂತ ನಡುಗಿತು. "ಯಾಕಮ್ಮಾ, ಇಲ್ಲೇ ನಿಂತುಬಿಟ್ವಲ್ಲ, ಏನಾದ್ರೂ ಕೆಟ್ಟಿದೆಯಾ?" ಅಂದರು ಮಾವ. "ಕೆಟ್ಟಿದೆಯಾ ಅಂತಾನೇ ನೋಡ್ತಾ ಇದೀನಿ ಮಾವ" ಅಂದೆ. ಅವತ್ತು ಪೂರ್ತಿ ವಿವರಿಸುವುದಕ್ಕೆ ಆಗಲಿಲ್ಲ. ಅದಕ್ಕೇ ಈ ಬರಹ.

ಇದಕ್ಕೆ ರನ್‌ಅಪ್ ಅನ್ನುತ್ತೇವೆ. ನೋಡುವವರಿಗೆ ಇಂಜಿನ್ ಬಿಸಿ ಮಾಡುತ್ತಿದ್ದಾರೆ ಅನ್ನಿಸುತ್ತದೆ. ಆದರೆ ಬಿಸಿಯಾಗುವ ಕೆಲಸ ಬಹುಪಾಲು ಅದಕ್ಕೂ ಮೊದಲೇ ಮುಗಿದಿರುತ್ತದೆ. ಸ್ಟಾರ್ಟ್ ಆದ 30 ಸೆಕೆಂಡಿನೊಳಗೆ ಆಯಿಲ್ ಪ್ರೆಶರ್ ಮುಳ್ಳು ಏರಬೇಕು. ಏರದಿದ್ದರೆ ಇಂಜಿನ್ ಆಫ್, ಬೇರೆ ಮಾತಿಲ್ಲ. ಏರಿದರೆ ನಿಧಾನವಾಗಿ ಟ್ಯಾಕ್ಸಿ ಮಾಡಿಕೊಂಡು, ಅಂದರೆ ನೆಲದ ಮೇಲೆ ಓಡಿಸಿಕೊಂಡು ಬರುವಷ್ಟರಲ್ಲಿ ಇಂಜಿನ್ ಹದಕ್ಕೆ ಬಂದಿರುತ್ತದೆ. ಇಂಜಿನ್ ಜೋರು ಮಾಡುವ ಥ್ರಾಟಲ್ ತಳ್ಳಿದಾಗ ತಡವರಿಸದೆ ಎದ್ದರೆ ಸಾಕು. ಜಾಸ್ತಿ ಹೊತ್ತು ನಿಲ್ಲಿಸಿ ಬಿಸಿ ಮಾಡುವುದೂ ತಪ್ಪೇ. ಸೆಸ್ನಾದ ಈ ಲೈಕಮಿಂಗ್ ಕಂಪನಿಯ ಇಂಜಿನ್ನಿಗೆ ರೇಡಿಯೇಟರ್ ಇಲ್ಲ, ಗಾಳಿಯೇ ಅದನ್ನು ತಂಪಾಗಿಡಬೇಕು. ನಿಂತ ವಿಮಾನಕ್ಕೆ ಆ ಗಾಳಿ ಸಾಲದು. ಅದಕ್ಕೇ ರನ್‌ಅಪ್ ಮಾಡುವಾಗ ಮೂತಿಯನ್ನು ಗಾಳಿಯ ಕಡೆಗೆ ತಿರುಗಿಸಿ ನಿಲ್ಲಿಸುತ್ತೇವೆ. ಮೈಕ್ರೋಲೈಟ್ ಅನ್ನುವ ಪುಟ್ಟ ವಿಮಾನಗಳಲ್ಲಿರುವ ರೋಟಾಕ್ಸ್ 912 ಇಂಜಿನ್ನಿನ ಲೆಕ್ಕ ಬೇರೆ. ಅದರ ಆಯಿಲ್ 50 ಡಿಗ್ರಿ ಮುಟ್ಟುವವರೆಗೆ ಕಾಯಲೇಬೇಕು.

ರನ್‌ಅಪ್‌ನ ಜೀವ ಇರುವುದು ಮ್ಯಾಗ್ನೆಟೊದಲ್ಲಿ. ಈ ಇಂಜಿನ್ನಿಗೆ ನಾಲ್ಕು ಸಿಲಿಂಡರ್, ಒಂದೊಂದಕ್ಕೂ ಎರಡು ಸ್ಪಾರ್ಕ್ ಪ್ಲಗ್. ಕಿಡಿ ಕೊಡುವುದಕ್ಕೆ ಎರಡು ಮ್ಯಾಗ್ನೆಟೊ, ಪ್ರತಿ ಸಿಲಿಂಡರಿನ ಒಂದೊಂದು ಪ್ಲಗ್‌ಗೆ ಒಂದೊಂದು. ಬ್ಯಾಟರಿ ಸತ್ತರೂ ಇವು ಕೆಲಸ ಮಾಡುತ್ತವೆ, ಇಂಜಿನ್ ತಿರುಗಿದರೆ ಸಾಕು. ಒಂದು ಮ್ಯಾಗ್ನೆಟೊ ಕೈಕೊಟ್ಟರೆ ಇನ್ನೊಂದು ಮನೆ ಸೇರಿಸುತ್ತದೆ. ಆದರೆ ಮೊದಲೇ ಒಂದು ಸತ್ತಿದ್ದು ನಮಗೆ ಗೊತ್ತೇ ಇಲ್ಲದಿದ್ದರೆ? ಅದಕ್ಕೇ 1700 ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ಸುತ್ತುವ ಸುತ್ತು) ಇಟ್ಟು ಕೀಯನ್ನು ಮೊದಲು ಬಲಗಡೆಯ ಮ್ಯಾಗ್ನೆಟೊಗೆ ತಿರುಗಿಸಿ ಎಡಗಡೆಯದ್ದನ್ನು ಆಫ್ ಮಾಡುತ್ತೇವೆ, ಮತ್ತೆ ಎರಡಕ್ಕೂ ತರುತ್ತೇವೆ, ಆಮೇಲೆ ಎಡಗಡೆಯದ್ದು. ಒಂದೇ ಪ್ಲಗ್‌ನಲ್ಲಿ ಪೆಟ್ರೋಲ್ ನಿಧಾನ ಉರಿಯುತ್ತದೆ, ಆರ್‌ಪಿಎಂ ಇಳಿಯುತ್ತದೆ. ನಾನು ಹಾರಿಸುವ ಹಳೆಯ ಮಾಡೆಲ್‌ನಲ್ಲಿ ಆ ಇಳಿತ 125 ದಾಟಬಾರದು. ಎರಡು ಮ್ಯಾಗ್ನೆಟೊಗಳ ಇಳಿತದ ನಡುವಿನ ವ್ಯತ್ಯಾಸ 50 ದಾಟಬಾರದು.

125 ಎಲ್ಲರಿಗೂ ಬಾಯಿಪಾಠ. ಆದರೆ ಸೊನ್ನೆ? ಕಲಿಯುವವರಲ್ಲಿ ತುಂಬಾ ಜನ ಆರ್‌ಪಿಎಂ ಮುಳ್ಳು ಅಲ್ಲಾಡದಿದ್ದರೆ ಖುಷಿಪಡುತ್ತಾರೆ. "ಸೂಪರ್ ಇಂಜಿನ್, ಒಂಚೂರೂ ಇಳೀಲಿಲ್ಲ!" ಇಲ್ಲ ಕಣ್ರೀ, ಅದು ಅಪಾಯ. ಮ್ಯಾಗ್ನೆಟೊ ತನ್ನ ಕರೆಂಟನ್ನು ತಾನೇ ಹುಟ್ಟಿಸುತ್ತದೆ. ಅದನ್ನು ಆಫ್ ಮಾಡುವುದು ಅಂದರೆ ಒಂದು ತೆಳು ತಂತಿಯಿಂದ ಇಂಜಿನ್ನಿನ ಮೈಗೆ ಅರ್ತ್ ಮಾಡುವುದು, ಅಷ್ಟೇ. ಆ ತಂತಿ ಕಿತ್ತುಹೋಗಿದ್ದರೆ ಮ್ಯಾಗ್ನೆಟೊ ಆಫ್ ಆಗುವುದೇ ಇಲ್ಲ. ಕೀ ನಿಮ್ಮ ಜೇಬಲ್ಲಿದ್ದರೂ ಅದು ಬದುಕಿರುತ್ತದೆ. ಆಮೇಲೆ ಯಾರೋ ವಿಮಾನ ತಳ್ಳುವಾಗ ಪ್ರೊಪೆಲ್ಲರ್‌ಗೆ ಕೈ ಹಾಕಿ ಸ್ವಲ್ಪ ತಿರುಗಿಸಿದರೂ ಇಂಜಿನ್ ಹೊತ್ತಿಕೊಳ್ಳಬಹುದು. ಪ್ರೊಪೆಲ್ಲರ್ ಮುಂದೆ ನಿಂತವರ ಗತಿ ನೀವೇ ಯೋಚಿಸಿ. ಮುಳ್ಳು ಇಳಿಯಲೇಬೇಕು. ಇಳಿದರೆ ಮಾತ್ರ ನೆಮ್ಮದಿ.

ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್‌ನ ಹೀಟ್ ಕೂಡ ಹೀಗೇ. ಬೆಂಗಳೂರಿನ ಮಳೆಗಾಲದ ಬೆಳಗ್ಗೆ 20 ಡಿಗ್ರಿ ಇದ್ದರೂ ಕಾರ್ಬುರೇಟರ್ ಒಳಗೆ ಐಸ್ ಕಟ್ಟಬಹುದು. ಪೆಟ್ರೋಲ್ ಆವಿಯಾಗುವಾಗ ಅಲ್ಲಿ ಅಷ್ಟು ತಂಪಾಗುತ್ತದೆ. ಹೀಟ್ ಗುಂಡಿ ಎಳೆದಾಗ ಬಿಸಿ ಗಾಳಿ ಒಳಗೆ ಬಂದು ಆರ್‌ಪಿಎಂ ಸ್ವಲ್ಪ ಇಳಿಯಬೇಕು. ಇಳಿಯಲಿಲ್ಲ ಅಂದರೆ ಒಳಗಿನ ಮುಚ್ಚಳ ತೆರೆದುಕೊಂಡಿಲ್ಲ ಅಂತ ಅರ್ಥ. ಮೇಲೆ ಹೋದಾಗ ಐಸ್ ಕಟ್ಟಿದರೆ ಆ ಗುಂಡಿ ಇದ್ದೂ ಇಲ್ಲದ ಹಾಗೆ.

ನನಗೆ ಇದು ಮನಸ್ಸಿಗೆ ನಾಟಿದ್ದು ಟ್ರೇನಿಂಗ್ ಸಮಯದಲ್ಲಿ. ಡಿಸೆಂಬರ್ ಬೆಳಗ್ಗೆ, ಬಲಗಡೆಯ ಮ್ಯಾಗ್ನೆಟೊಗೆ ತಿರುಗಿಸಿದ ಕೂಡಲೇ 200ಕ್ಕೂ ಜಾಸ್ತಿ ಇಳಿಯಿತು, ಜೊತೆಗೆ ಕುಲುಕಾಟ. ಪ್ಲಗ್‌ನಲ್ಲಿ ಏನಾದರೂ ಕಟ್ಟಿಕೊಂಡಿದ್ದರೆ ಸುಟ್ಟುಹೋಗಲಿ ಅಂತ ಮಿಕ್ಸ್‌ಚರ್ ಲೀನ್ ಮಾಡಿ, ಅಂದರೆ ಗಾಳಿಗೆ ಬೆರೆಯುವ ಪೆಟ್ರೋಲ್ ಕಡಿಮೆ ಮಾಡಿ, ಇಂಜಿನ್ ಸ್ವಲ್ಪ ಜೋರಾಗಿ ಓಡಿಸಿದೆ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಅವತ್ತು ಹೋಗಲಿಲ್ಲ. ವಾಪಸ್ ತಂದೆ. ಮೆಕ್ಯಾನಿಕ್ ಅಣ್ಣ ಕೆಳಗಡೆಯ ಪ್ಲಗ್ ಬಿಚ್ಚಿ ನನ್ನ ಅಂಗೈ ಮೇಲೆ ಇಟ್ಟರು. ಕಿಡಿ ಹಾರಬೇಕಾದ ಸಂದಿಯಲ್ಲಿ ಬೂದು ಬಣ್ಣದ ಒಂದು ಗುಂಡು, ರಾಗಿ ಕಾಳಿನಷ್ಟೇ. ಅದು ಸೀಸ. ನಾವು ಬಳಸುವ 100 ಎಲ್ಎಲ್ ಅನ್ನುವ ವಿಮಾನದ ಪೆಟ್ರೋಲ್‌ನಲ್ಲಿ ಸೀಸ ಇರುತ್ತದೆ. ಇಂಜಿನ್ ಕಡಿಮೆ ಆರ್‌ಪಿಎಂನಲ್ಲಿ ತುಂಬಾ ಹೊತ್ತು ಓಡಿದರೆ ಹೀಗೆ ಪ್ಲಗ್‌ಗೆ ಅಂಟಿಕೊಳ್ಳುತ್ತದೆ.

ಅವತ್ತು ಒಬ್ಬ ಸೀನಿಯರ್ "ಅಷ್ಟಕ್ಕೇ ವಾಪಸ್ ಬರೋದಾ? ಮೇಲೆ ಹೋದ್ರೆ ಸರಿಹೋಗ್ತಿತ್ತು" ಅಂದ. ಅದಕ್ಕಿಂತ ನೋವಾಗಿದ್ದು ಬಿಲ್ ನೋಡಿ. ಚಕ್ರ ನೆಲ ಬಿಟ್ಟಿರಲಿಲ್ಲ. ಆದರೂ ಇಂಜಿನ್ ಓಡಿದ ಅಷ್ಟೂ ನಿಮಿಷಕ್ಕೆ ದುಡ್ಡು ಹಾಕಿದ್ದರು. ಸಾಲ ಮಾಡಿ ಕಲಿಯಲು ಬಂದ ಹುಡುಗ ಹುಡುಗಿಯರ ತಲೆಯಲ್ಲಿ ಆ ಮೀಟರ್ ಓಡುತ್ತಲೇ ಇರುತ್ತದೆ. ಅದಕ್ಕೇ ಕೀ ಟಕಟಕ ತಿರುಗಿಸಿ, ಮುಳ್ಳಿನ ಕಡೆ ಸರಿಯಾಗಿ ನೋಡದೆ, ಬಾಯಲ್ಲಿ ಮಾತ್ರ "ಚೆಕ್ಡ್" ಅಂದು ಹೊರಡುತ್ತಾರೆ. ಬರೀ ಅವರನ್ನು ಬೈದರೆ ಏನು ಬಂತು?

ಫ್ಲೈಯಿಂಗ್ ಸ್ಕೂಲ್ ನಡೆಸುವವರಿಗೆ ನನ್ನ ಕೋರಿಕೆ ಇಷ್ಟೇ. ರನ್‌ಅಪ್‌ನಲ್ಲಿ ತೊಂದರೆ ಕಂಡು ವಾಪಸ್ ಬಂದವರಿಗೆ ಬಿಲ್ ಹಾಕಬೇಡಿ. ಅವರು ನಿಮ್ಮ ವಿಮಾನದ ದೋಷ ಹುಡುಕಿಕೊಟ್ಟಿದ್ದಾರೆ, ಅಲ್ವಾ? ಮಕ್ಕಳನ್ನು ಕಲಿಯಲು ಕಳಿಸಿರುವ ಅಪ್ಪ ಅಮ್ಮಂದಿರೇ, "ಇವತ್ತು ಹಾರಲಿಲ್ಲ, ವಾಪಸ್ ಬಂದೆ" ಅಂತ ಫೋನ್ ಬಂದರೆ ದುಡ್ಡಿನ ಮಾತು ಎತ್ತಬೇಡಿ. ಆರ್‌ಪಿಎಂ ಎಷ್ಟು ಇಳಿಯಿತು ಅಂತ ಕೇಳಿ.