ಸಿಸ್ಟಮ್ ಆನ್ ಆಗ್ತಿಲ್ಲ ಮಾರ್ರೆ!

ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಮೂರ್ನಾಲ್ಕು ದಿನ ಬಿಡದೆ ಮಳೆ ಹೊಡೆದು, ಮರ ಬಿದ್ದು ತಂತಿ ಹರಿದು, ಕೊನೆಗೊಂದು ಬೆಳಿಗ್ಗೆ ಕರೆಂಟ್ ಬಂತು ಅಂದರೆ ಚಿಕ್ಕಮಗಳೂರಿನ ಕಂಪ್ಯೂಟರ್ ರಿಪೇರಿ ಅಂಗಡಿಗಳ ಫೋನು ಒಂದೇ ಸಮ ಹೊಡೆದುಕೊಳ್ಳಲು ಶುರುವಾಗುತ್ತದೆ. ತೋಟದ ರೈಟರು, ಸೊಸೈಟಿ ಗುಮಾಸ್ತರು, ಪಂಚಾಯ್ತಿ ಎದುರಿನ ಜೆರಾಕ್ಸ್ ಅಂಗಡಿಯವರು, ಹೋಮ್‌ಸ್ಟೇ ಮಾಲೀಕರು, ಎಲ್ಲರದ್ದೂ ಒಂದೇ ಅಹವಾಲು.

"ಸಿಸ್ಟಮ್ ಆನ್ ಆಗ್ತಿಲ್ಲ ಮಾರ್ರೆ."

"ಲೈಟ್ ಬರ್ತಿದ್ಯಾ?"

"ಬಂತು, ಈಗ ಹತ್ತು ನಿಮಿಷ ಆಯ್ತು. ಮನೆಗೆಲ್ಲ ಬಂದಿದೆ."

"ಅದಲ್ಲ, ಸಿಪಿಯುದು. ಫ್ಯಾನ್ ತಿರುಗ್ತಿದ್ಯಾ?"

"ಈ ಚಳೀಲಿ ಫ್ಯಾನ್ ಯಾರು ಹಾಕ್ತಾರೆ ಮಾರ್ರೆ?"

ಇಷ್ಟಾದ ಮೇಲೆ ಬರುವ ಮಾತು ಇನ್ನೊಂದು: "ನಂಗೆ ಗೊತ್ತು, ವಿಂಡೋಸ್ ಹೋಗಿದೆ. ಒಂದು ಫಾರ್ಮ್ಯಾಟ್ ಹೊಡ್ದು ಕೊಟ್ಬಿಡಿ." ಏನಾಗಿದೆ ಅಂತ ನೋಡುವ ಮೊದಲೇ ಔಷಧಿಯ ಹೆಸರನ್ನೂ ಅವರೇ ಹೇಳಿಯಾಯಿತು. ಫಾರ್ಮ್ಯಾಟ್ ಅಂದರೆ ಡಿಸ್ಕಿನಲ್ಲಿ ವಿಂಡೋಸ್ ಇರುವ ಭಾಗವನ್ನು ಅಳಿಸಿ ಹೊಸದಾಗಿ ಹಾಕುವುದು. ಕೆಲವು ಅಂಗಡಿಯವರಿಗೂ ಇದೇ ಸಲೀಸು, ಹುಡುಕುವ ತಾಪತ್ರಯವಿಲ್ಲ.

ವಿಂಡೋಸ್ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಪವರ್ ಬಟನ್ ಒತ್ತಿದ ಮೇಲೆ ಮೊದಲು ಕರೆಂಟು ಮದರ್‌ಬೋರ್ಡಿಗೆ ಬರಬೇಕು. ಬೋರ್ಡಿನಲ್ಲೇ ಇರುವ ಬಯಾಸ್ ಅನ್ನುವ ಪುಟ್ಟ ಪ್ರೋಗ್ರಾಮ್ ಎದ್ದು ರ‍್ಯಾಮ್, ಕೀಬೋರ್ಡು, ಡಿಸ್ಕು ಎಲ್ಲ ಹಾಜರಿದ್ದಾವೆಯೇ ಅಂತ ನೋಡಬೇಕು. ಆಮೇಲೆ ಡಿಸ್ಕಿನಲ್ಲಿ ಬೂಟ್ ಫೈಲು ಹುಡುಕಬೇಕು. ವಿಂಡೋಸ್ ಕಣ್ಣು ಬಿಡುವುದು ಕಟ್ಟಕಡೆಗೆ. ಇದರಲ್ಲಿ ಯಾವ ಮೆಟ್ಟಿಲಲ್ಲಿ ನಿಂತಿದೆ ಅಂತ ನೋಡದೆ ಕೈ ಹಾಕಬಾರದು. ನೋಡುವುದಕ್ಕೆ ಸ್ಕ್ರೂಡ್ರೈವರೂ ಬೇಡ. ಕೀಬೋರ್ಡಿನ ನಮ್ ಲಾಕ್ ಒತ್ತಿ. ದೀಪ ಹತ್ತಿ ಆರುತ್ತಿದ್ದರೆ ಬೋರ್ಡು, ಪ್ರೊಸೆಸರು, ರ‍್ಯಾಮು ಮೂರೂ ಬಹುಮಟ್ಟಿಗೆ ಸರಿ ಇವೆ. ಸ್ಕ್ರೀನು ಕಪ್ಪಗಿದ್ದರೂ ಒಳಗೆ ಜೀವ ಇದೆ, ತಪ್ಪು ಮಾನಿಟರಿನದೋ ಕೇಬಲ್ಲಿನದೋ ಇರಬೇಕು. ಗ್ರಾಫಿಕ್ಸ್ ಕಾರ್ಡ್ ಇರುವ ಮೆಷಿನ್ನಿನಲ್ಲಿ ಕೇಬಲ್ಲನ್ನು ಬೋರ್ಡಿನ ಕಿಂಡಿಗೆ ಸಿಕ್ಕಿಸಿ "ನೋ ಸಿಗ್ನಲ್" ಅಂತ ಗೋಳಾಡುವುದು ಮಾಮೂಲಿ. ಕಸ ಗುಡಿಸುವಾಗ ಕಿತ್ತುಬಂದದ್ದನ್ನು ಸಿಕ್ಕ ಕಿಂಡಿಗೆ ಚುಚ್ಚಿರುತ್ತಾರೆ.

ದೀಪವೂ ಇಲ್ಲ, ಫ್ಯಾನೂ ಇಲ್ಲ ಅಂದರೆ ಮೊದಲು ಪ್ಲಗ್ ಕಿತ್ತು ಪವರ್ ಬಟನ್ನನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಇದು ಮಂತ್ರವಲ್ಲ. ಕರೆಂಟು ಏರಿಳಿದಾಗ, ಗೋಡೆಯ ಕರೆಂಟನ್ನು ಮೆಷಿನ್ನಿಗೆ ಬೇಕಾದಷ್ಟಕ್ಕೆ ಇಳಿಸಿಕೊಡುವ ಡಬ್ಬಿಯಾದ ಎಸ್‌ಎಂಪಿಎಸ್ ತನ್ನನ್ನು ತಾನೇ ಬಂದ್ ಮಾಡಿಕೊಂಡಿರುತ್ತದೆ. ಉಳಿಕೆ ಚಾರ್ಜು ಪೂರ್ತಿ ಇಳಿದರೆ ಮತ್ತೆ ಏಳುತ್ತದೆ. ಏಳದಿದ್ದರೆ ಮತ್ತೆ ಪ್ಲಗ್ ಕಿತ್ತು, ಬೋರ್ಡಿನ 24 ಪಿನ್ ಕನೆಕ್ಟರ್ ಬಿಚ್ಚಿ, ಅದರಲ್ಲಿರುವ ಒಂದೇ ಒಂದು ಹಸಿರು ವೈರನ್ನೂ ಪಕ್ಕದ ಕಪ್ಪು ವೈರನ್ನೂ ಪೇಪರ್ ಕ್ಲಿಪ್ಪಿನಿಂದ ಕೂಡಿಸಿ ಪ್ಲಗ್ ಹಾಕಿ. ಎಸ್‌ಎಂಪಿಎಸ್ ಫ್ಯಾನ್ ತಿರುಗಲಿಲ್ಲ ಅಂದರೆ ಅದರ ಕಥೆ ಬಹುಮಟ್ಟಿಗೆ ಮುಗಿಯಿತು. ತಿರುಗಿತು ಅಂದಮಾತ್ರಕ್ಕೆ ಗಟ್ಟಿಯಾಗಿದೆ ಅಂತಲೂ ಅಲ್ಲ. ಮಲ್ಟಿಮೀಟರಿನಲ್ಲಿ ಹಳದಿ ವೈರು 11.4ರಿಂದ 12.6 ವೋಲ್ಟಿನ ಒಳಗೆ ಇರಬೇಕು. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿನಷ್ಟು ಕಾದು ಕೂತಿರುತ್ತದೆ. ಮಲೆನಾಡಿನಲ್ಲಿ ಆ ಡಬ್ಬಿಯೊಳಗೆ ಬಾಡಿಗೆ ಕೊಡದೆ ವಾಸ ಮಾಡುವವರು ಹಲ್ಲಿಗಳು. ಬೆಚ್ಚಗಿರುತ್ತದಲ್ಲ! ಗೋಡೆಯ ಮೇಲೆ ಲೊಚಗುಟ್ಟಿದರೆ ಹೇಳಿದ ಮಾತು ಸತ್ಯವಾಗುತ್ತದೆ ಅನ್ನುತ್ತಾರೆ. ಎಸ್‌ಎಂಪಿಎಸ್ ಒಳಗೆ ಲೊಚಗುಟ್ಟಿದರೆ ಸತ್ಯವಾಗುವುದು ಖರ್ಚು ಒಂದೇ.

ಹಳೇ ಎಸ್‌ಎಂಪಿಎಸ್ ಹಿಂಭಾಗದಲ್ಲಿ 115, 230 ಅಂತ ಬರೆದ ಪುಟ್ಟ ಕೆಂಪು ಸ್ವಿಚ್ ಇರುತ್ತದೆ. ಬೇಸಿಗೆ ರಜೆಗೆ ಬಂದ ಮಕ್ಕಳ ಕಣ್ಣಿಗೆ ಅದು ಬೀಳದಂತೆ ಟೇಪ್ ಅಂಟಿಸಿ. 115ರ ಕಡೆ ಸರಿಸಿ ನಮ್ಮ 230 ವೋಲ್ಟ್ ಕೊಟ್ಟರೆ ಬರುವ ಸದ್ದು ಪಕ್ಕದ ತೋಟಕ್ಕೂ ಕೇಳುತ್ತದೆ.

ಈಗ ಮಳೆಗಾಲದ ಅಸಲಿ ಕಾಯಿಲೆಗೆ ಬರೋಣ. ಪಾರ್ಚ್‌ಮೆಂಟ್ ಕಾಫಿಯನ್ನು ತೇವ ಶೇ 10ಕ್ಕೆ ಇಳಿಯುವವರೆಗೆ ಕಣದಲ್ಲಿ ಒಣಗಿಸಿ, ಮಾಯಿಶ್ಚರ್ ಮೀಟರ್ ಹಿಡಿದು ನೋಡಿ, ಗೋಡೆಗೆ ತಾಗದಂತೆ ಮರದ ಹಲಗೆಯ ಮೇಲೆ ಚೀಲ ಜೋಡಿಸುವ ಊರು ನಮ್ಮದು. ಅದೇ ತೋಟದ ಆಫೀಸಿನಲ್ಲಿ ಕಂಪ್ಯೂಟರ್ ಮಾತ್ರ ರೆಡ್ ಆಕ್ಸೈಡ್ ನೆಲದ ಮೇಲೆ, ಗೋಡೆಗೆ ಒರಗಿಕೊಂಡು, ಪ್ಲಾಸ್ಟಿಕ್ ಕವರ್ ಹೊದ್ದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಣ್ಣಗೆ ಕೂತಿರುತ್ತದೆ. ಆ ಕವರು ಒಳಗಿನ ತೇವ ಹೊರಗೆ ಹೋಗದಂತೆ ಜೋಪಾನವಾಗಿ ಕಾಯುತ್ತದೆ. ರ‍್ಯಾಮ್ ಕಾಲುಗಳಿಗೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಕಿಲುಬು ಕೂರುತ್ತದೆ. ಫ್ಯಾನ್ ತಿರುಗುತ್ತದೆ, ಸ್ಕ್ರೀನಿಗೆ ಏನೂ ಬರುವುದಿಲ್ಲ, ಸ್ಪೀಕರ್ ಇದ್ದರೆ ಬೀಪ್ ಬೀಪ್ ಅಂತ ಅಳುತ್ತದೆ.

ಪ್ಲಗ್ ಕಿತ್ತು, ಬಟನ್ ಒತ್ತಿ ಚಾರ್ಜ್ ಇಳಿಸಿ, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹಕ್ಕೆ ಒಮ್ಮೆ ಕೈ ತಾಗಿಸಿ. ಎರಡೂ ತುದಿಯ ಕ್ಲಿಪ್ಪಿನ ಕಿವಿ ಹೊರಕ್ಕೆ ಒತ್ತಿದರೆ ರ‍್ಯಾಮ್ ತಾನೇ ಮೇಲೆ ಬರುತ್ತದೆ. ಅಂಚಿನಲ್ಲಿ ಹಿಡಿಯಿರಿ, ಚಿನ್ನದ ಕಾಲುಗಳನ್ನು ಬೆರಳಲ್ಲಿ ಮುಟ್ಟಬೇಡಿ. ಮಕ್ಕಳ ಜಾಮೆಟ್ರಿ ಬಾಕ್ಸಿನ ಬಿಳಿ ರಬ್ಬರಿನಲ್ಲಿ ಮೇಲಿನಿಂದ ಕೆಳಕ್ಕೆ ಮೆತ್ತಗೆ ಉಜ್ಜಿ. ಇಂಕ್ ಅಳಿಸುವ ಒರಟು ರಬ್ಬರ್ ಬೇಡ, ಚಿನ್ನದ ಲೇಪವನ್ನೇ ಅಳಿಸಿಬಿಡುತ್ತದೆ. ರಬ್ಬರಿನ ಪುಡಿ ಒಂದೂ ಉಳಿಯದಂತೆ ಬ್ರಷ್ಷಿನಲ್ಲಿ ಝಾಡಿಸಿ, ಐಸೊಪ್ರೊಪೈಲ್ ಆಲ್ಕೋಹಾಲ್ ಇದ್ದರೆ ಒಂದು ಸಲ ಒರೆಸಿ. ಸ್ಲಾಟಿಗೆ ಬಾಯಲ್ಲಿ ಊದುವ ಅಭ್ಯಾಸ ಎಲ್ಲರಿಗೂ ಇದೆ. ಒಣಗಿಸಬೇಕಾದ ಜಾಗಕ್ಕೆ ಎಂಜಲು ಹಾರಿಸಿದಂತಾಯಿತು, ಬೇಡ. ವಾಪಸ್ ಕೂರಿಸುವಾಗ ನಡುವಿನ ಕಚ್ಚು ಸರಿಹೊಂದಿಸಿ, ಎರಡೂ ತುದಿಯಲ್ಲಿ 'ಟಕ್' ಅನ್ನುವವರೆಗೆ ಒತ್ತಿ. ಒಂದು ತುದಿ ಟಕ್ ಅಂದು ಇನ್ನೊಂದು ಸುಮ್ಮನಿದ್ದರೆ ಕೆಲಸ ಆಗಿಲ್ಲ. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ನೋಡಿ. ಇಷ್ಟು ಮಾಡಿ, ಕ್ಯಾಬಿನೆಟ್ಟನ್ನು ನೆಲದಿಂದ ಒಂದಡಿ ಎತ್ತರದ ಸ್ಟೂಲಿನ ಮೇಲಿಟ್ಟು, ಕೆಲಸವಿರಲಿ ಬಿಡಲಿ ದಿನಾ ಒಂದು ಗಂಟೆ ಓಡಿಸಿದರೆ ಅದರ ಬಿಸಿಗೇ ತೇವ ಆರುತ್ತದೆ. ಆಯುಧ ಪೂಜೆಯಲ್ಲಿ ಗಾಳಿಕಿಂಡಿಯ ಮೇಲೆ ಹೂವು ಪೇರಿಸಿ ನೀರು ಪ್ರೋಕ್ಷಣೆ ಮಾಡುವವರಿಗೂ ಒಂದು ವಿನಂತಿ: ಕುಂಕುಮ ಮಾನಿಟರಿಗೆ ಸಾಕು.

ಇನ್ನು ಶೆಲ್ಲು. ಬೋರ್ಡಿನ ಮೇಲೆ ನಾಣ್ಯದ ಗಾತ್ರದ 3 ವೋಲ್ಟಿನ ಶೆಲ್ ಇರುತ್ತದೆ, ಹೆಸರು ಸಿಆರ್2032. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, ಹೆಸರಲ್ಲೇ ಎರಡೂ ಅಳತೆ ಇವೆ. ಮೆಷಿನ್ನಿಗೆ ಕರೆಂಟ್ ಇಲ್ಲದಾಗ ಗಡಿಯಾರವನ್ನೂ ಬಯಾಸ್ ಸೆಟ್ಟಿಂಗನ್ನೂ ಕಾಯುವ ಕೆಲಸ ಇದರದ್ದು. ಪ್ಲಗ್ ಹಾಕಿ ಸ್ವಿಚ್ ಆನ್ ಇದ್ದಷ್ಟು ಹೊತ್ತು ಎಸ್‌ಎಂಪಿಎಸ್ಸೇ ಆ ಭಾರ ಹೊರುತ್ತದೆ, ಶೆಲ್ ಆರಾಮಾಗಿರುತ್ತದೆ. ಸಿಡಿಲಿನ ಭಯಕ್ಕೆ ಪ್ಲಗ್ ಕಿತ್ತಿಡುವ, ವಾರಗಟ್ಟಲೆ ಕರೆಂಟ್ ಹೋಗುವ ನಮ್ಮ ಕಡೆ ಅದಕ್ಕೆ ಬಿಡುವಿಲ್ಲದ ದುಡಿಮೆ, ಬೇಗ ಸಾಯುತ್ತದೆ. ಹಾಗಂತ ಸಿಡಿಲಿಗೆ ಪ್ಲಗ್ ಕೀಳುವುದನ್ನು ಬಿಡಬೇಡಿ, ಜತೆಗೆ ಇಂಟರ್ನೆಟ್ ಕೇಬಲ್ಲನ್ನೂ ಕೀಳಿ. ಶೆಲ್ಲಿನ ಬೆಲೆಗೆ ನೂರರ ನೋಟು ಕೊಟ್ಟರೆ ಚಿಲ್ಲರೆ ವಾಪಸ್ ಬರುತ್ತದೆ, ಬೋರ್ಡಿಗೆ ಬರುವುದಿಲ್ಲ.

ಶೆಲ್ ಸತ್ತ ಮೆಷಿನ್ನಿಗೆ ತಾನು ಯಾವ ವರ್ಷದಲ್ಲಿದ್ದೇನೆ ಅನ್ನುವುದೂ ಮರೆತುಹೋಗುತ್ತದೆ. ಬೋರ್ಡು ತಯಾರಾದ ಕಾಲಕ್ಕೆ ಹೋಗಿ ಕೂತುಬಿಡುತ್ತದೆ. ಅದು ಅಂಥ ದೊಡ್ಡ ವಿಷಯವಲ್ಲ. ಜತೆಗೆ ಅನೇಕ ಬೋರ್ಡುಗಳಲ್ಲಿ ಡಿಸ್ಕನ್ನು ಓದುವ ರೀತಿಯ ಸೆಟ್ಟಿಂಗೂ ಕಾರ್ಖಾನೆಯದ್ದಕ್ಕೆ ಮರಳುತ್ತದೆ, ಎಡವಟ್ಟು ಆಗುವುದು ಅಲ್ಲಿ. ವಿಂಡೋಸ್ ಹಾಕುವಾಗ ಎಎಚ್‌ಸಿಐ ಇದ್ದದ್ದು ಈಗ ರೇಡ್ ಆಗಿರುತ್ತದೆ (ಎರಡೂ ಡಿಸ್ಕಿನೊಂದಿಗೆ ಮಾತಾಡುವ ಬೇರೆ ಬೇರೆ ಕ್ರಮಗಳು), ಅಥವಾ ಹಳೇ ಲೆಗಸಿ ಬೂಟ್ ಕ್ರಮದಲ್ಲಿ ಹಾಕಿದ ವಿಂಡೋಸನ್ನು ಬಯಾಸ್ ಯುಇಎಫ್‌ಐ ಅನ್ನುವ ಹೊಸ ಕ್ರಮದಲ್ಲಿ ಹುಡುಕಿ ಸಿಗಲಿಲ್ಲ ಅನ್ನುತ್ತದೆ. ಮೊದಲನೆಯದಾದರೆ ನೀಲಿ ಪರದೆ, ಅದರಲ್ಲಿ "ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್". ಡಿಸ್ಕು ಸರಿ ಇದೆ, ವಿಂಡೋಸ್ ಸರಿ ಇದೆ, ಫೈಲುಗಳೆಲ್ಲ ಇದ್ದಲ್ಲೇ ಇವೆ. ಇಲ್ಲೇ ಫಾರ್ಮ್ಯಾಟ್ ಹೊಡೆಯುವುದು! ಶೆಲ್ ಬದಲಿಸದೆ ಫಾರ್ಮ್ಯಾಟ್ ಹೊಡೆದ ಮೆಷಿನ್ನು ಯಾವತ್ತೋ ಒಂದು ದಿನ ಸೆಟ್ಟಿಂಗ್ ಬದಲಾದರೆ ಮತ್ತೆ ಅದೇ ನೀಲಿ ಮುಖ ಹೊತ್ತು ಅಂಗಡಿಗೆ ಬರುತ್ತದೆ. ಮಲ್ಟಿಮೀಟರ್ ಇಟ್ಟು ನೋಡಿ. ಹೊಸ ಶೆಲ್ 3ಕ್ಕಿಂತ ತುಸು ಮೇಲೆ ತೋರಿಸುತ್ತದೆ, 2.5ರ ಹತ್ತಿರ ಇಳಿದಿದ್ದರೆ ಕಿತ್ತು ಹೊಸದು ಹಾಕಿ, ಅಕ್ಷರ ಇರುವ ಮುಖ ಮೇಲಕ್ಕೆ. ಆಮೇಲೆ ಬಯಾಸಿಗೆ ಹೋಗಿ ತಾರೀಕು, ಡಿಸ್ಕ್ ಮೋಡ್, ಬೂಟ್ ಮೋಡ್ ಸರಿಮಾಡಿ.

ಬಯಾಸಿಗೆ ಕರೆದೊಯ್ಯುವುದು ಫೋನಿನಲ್ಲಿ ಕಷ್ಟ.

"ಆನ್ ಮಾಡಿದ ತಕ್ಷಣ ಡೆಲ್ ಒತ್ತಿ."

"ನಮ್ದು ಡೆಲ್ ಅಲ್ಲ, ಲೆನೊವೊ."

ಲೆನೊವೊಗೆ ಎಫ್2 ಅಥವಾ ಎಫ್1, ಎಚ್‌ಪಿಗೆ ಎಫ್10, ಬೋರ್ಡ್ ಕೂರಿಸಿ ಜೋಡಿಸಿದ ಮೆಷಿನ್ನುಗಳಿಗೆ ಹೆಚ್ಚಾಗಿ ಡಿಲೀಟ್. ಒಮ್ಮೆ ಒತ್ತಿ ಕಾಯುವುದಲ್ಲ, ಟಕಟಕ ಬಡಿಯುತ್ತಲೇ ಇರಬೇಕು.

"ರೀಬೂಟ್ ಅಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್" ಅಂತ ಬಂದರೆ ಮೊದಲು ಯುಎಸ್‌ಬಿ ಕಿಂಡಿ ನೋಡಿ. ಮದುವೆ ಫೋಟೊ ತುಂಬಿದ ಪೆನ್‌ಡ್ರೈವ್ ಅಲ್ಲೇ ಉಳಿದಿರುತ್ತದೆ, ಮೆಷಿನ್ನು ಅದರೊಳಗೆ ವಿಂಡೋಸ್ ಹುಡುಕುತ್ತಿರುತ್ತದೆ. ಅದಲ್ಲವಾದರೆ ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಬಿಚ್ಚಿ ಹಾಕಿ, ಬೇರೆ ಕಿಂಡಿಗೆ ಹಾಕಿ, ಬೇರೆ ಕೇಬಲ್ ಹಾಕಿ. ಅದೂ ಅಲ್ಲವಾದರೆ ಡಿಸ್ಕಿಗೆ ಕಿವಿ ಕೊಡಿ. ಟಕ್, ಟಕ್ ಅಂತ ಒಂದೇ ಲಯದಲ್ಲಿ ಬಡಿಯುತ್ತಿದ್ದರೆ ತಕ್ಷಣ ಆಫ್ ಮಾಡಿ. ಇನ್ನೊಂದು ಸಲ ನೋಡೋಣ ಅಂತ ಆನ್ ಮಾಡಿದಷ್ಟೂ ಒಳಗಿನ ತಟ್ಟೆ ಗೀರುತ್ತದೆ. ತಟ್ಟೆಯೇ ಇಲ್ಲದ ಎಸ್‌ಎಸ್‌ಡಿಗೆ ಇಷ್ಟೂ ಸೌಜನ್ಯವಿಲ್ಲ, ಸದ್ದಿಲ್ಲದೆ ಹೋಗುತ್ತದೆ.

ಬಯಾಸ್ ದಾಟಿ ವಿಂಡೋಸ್ ಲೋಗೊ ಬಂದು "ಪ್ರಿಪೇರಿಂಗ್ ಆಟೊಮ್ಯಾಟಿಕ್ ರಿಪೇರ್" ಅಂತ ಗಿರಕಿ ಹೊಡೆಯುತ್ತಿದ್ದರೆ ಅಪ್‌ಡೇಟ್ ನಡುವೆ ಕರೆಂಟ್ ಹೋಗಿರುವ ಸಾಧ್ಯತೆ ಹೆಚ್ಚು. ರಿಪೇರಿ ಪರದೆ ಬರದಿದ್ದರೆ ಲೋಗೊ ಕಂಡಾಗ ಪವರ್ ಬಟನ್ 10 ಸೆಕೆಂಡ್ ಒತ್ತಿ ಆಫ್ ಮಾಡಿ. ಎರಡು ಮೂರು ಸಲ ಹೀಗೆ ಮಾಡಿದರೆ ತಾನೇ ಬರುತ್ತದೆ. ಅದರಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್. ಆಗಲಿಲ್ಲವೇ, ಸಿಸ್ಟಮ್ ರಿಸ್ಟೋರ್. ಬೂಟ್ ಫೈಲೇ ಕೆಟ್ಟಿದ್ದರೆ ಆದೇಶ ಟೈಪ್ ಮಾಡುವ ಕಮಾಂಡ್ ಪ್ರಾಂಪ್ಟಿನಲ್ಲಿ, ಡಿಸ್ಕಿನ ಭಾಗಗಳನ್ನು ತೋರಿಸುವ ಡಿಸ್ಕ್‌ಪಾರ್ಟ್ ತೆರೆದು, ಫ್ಯಾಟ್32 ಅಂತ ತೋರಿಸುವ ಸುಮಾರು 100 ಎಂಬಿಯ ಪುಟ್ಟ ವಾಲ್ಯೂಮಿಗೆ ಒಂದು ಡ್ರೈವ್ ಅಕ್ಷರ ಕೊಟ್ಟು, ಬಿಸಿಡಿಬೂಟ್ ಕಮಾಂಡಿನಿಂದ ಬೂಟ್ ಫೈಲುಗಳನ್ನು ಹೊಸದಾಗಿ ಬರೆಸಬಹುದು. ಆದರೆ ಈ ಪರದೆಯಲ್ಲಿ ನಿಮ್ಮ ಸಿ ಡ್ರೈವ್ ಕೆಲವೊಮ್ಮೆ ಡಿ ಆಗಿರುತ್ತದೆ, ನೋಡಿಕೊಳ್ಳಿ. ಇದನ್ನು ಫೋನಿನಲ್ಲಿ ಹೇಳಿಕೊಡಲು ಹೋಗಬೇಡಿ. "ಸ್ಲ್ಯಾಶ್ ಅಂದ್ರೆ ಎಡಕ್ಕೆ ವಾಲಿದ್ದೋ ಬಲಕ್ಕೆ ವಾಲಿದ್ದೋ" ಅನ್ನುವಲ್ಲಿಗೆ ನೆಟ್‌ವರ್ಕ್ ಹೋಗುತ್ತದೆ.

ಡಿಸ್ಕಿನ ತಪ್ಪು ಹುಡುಕುವ ಚೆಕ್ ಡಿಸ್ಕ್ ಓಡಿಸಿ ಅಂತ ಯೂಟ್ಯೂಬಿನಲ್ಲಿ ಎಲ್ಲರೂ ಹೇಳುತ್ತಾರೆ. 1 ಟಿಬಿಯ ಹಾರ್ಡ್‌ಡಿಸ್ಕನ್ನು ಪೂರ್ತಿ ತಡಕಲು ಗಂಟೆಗಟ್ಟಲೆ ಬೇಕು. ಮನೆಯ 600 ವಿಎ ಯುಪಿಎಸ್ ಹೊಸದಿದ್ದಾಗಲೇ ಹತ್ತು ಹದಿನೈದು ನಿಮಿಷದ ಗಿರಾಕಿ. ಜುಲೈ ತಿಂಗಳಲ್ಲಿ ಮಲೆನಾಡಿನಲ್ಲಿ ಚೆಕ್ ಡಿಸ್ಕ್ ಓಡಿಸಲು ಗುಂಡಿಗೆ ಬೇಕು. ಡಿಸ್ಕಿನ ಮೇಲೆ ಅನುಮಾನವಿದ್ದರಂತೂ ಅದನ್ನು ಓಡಿಸಲೇಬಾರದು, ಉಸಿರಿರುವಾಗಲೇ ಡೇಟಾ ತೆಗೆಯಬೇಕು. 8 ಜಿಬಿ ಪೆನ್‌ಡ್ರೈವಿಗೆ ವಿಂಡೋಸಿನ ಬದಲು ಓಡುವ ಉಬುಂಟು ಅನ್ನುವ ಸಿಸ್ಟಮ್ ಬರೆದುಕೊಂಡು, ಅದರಿಂದ ಬೂಟ್ ಮಾಡಿ, "ಟ್ರೈ" ಅನ್ನುವುದನ್ನು ಒತ್ತಿದರೆ ವಿಂಡೋಸ್ ಇಲ್ಲದೆಯೂ ಫೈಲುಗಳು ಕಾಣುತ್ತವೆ, ಹೊರಗಿನ ಡಿಸ್ಕಿಗೆ ಕಾಪಿ ಮಾಡಿ. ಪಕ್ಕದಲ್ಲೇ "ಇನ್‌ಸ್ಟಾಲ್" ಅಂತಲೂ ಇರುತ್ತದೆ. ಕನ್ನಡಕ ಹಾಕಿಕೊಂಡು ಒತ್ತಿ.

ಇಷ್ಟೆಲ್ಲ ಆದ ಮೇಲೂ ಫಾರ್ಮ್ಯಾಟ್ ಮಾಡಲೇಬೇಕಾಯಿತು ಅನ್ನಿ. "ನಂದೆಲ್ಲಾ ಡಿ ಡ್ರೈವಲ್ಲಿದೆ" ಅನ್ನುವ ಮಾತನ್ನು ನಂಬಬಾರದು. ಡೆಸ್ಕ್‌ಟಾಪು, ಡಾಕ್ಯುಮೆಂಟ್ಸು, ಡೌನ್‌ಲೋಡ್ಸು ಎಲ್ಲವೂ ಸಿ ಡ್ರೈವಿನ ಒಳಗೇ ಇರುವುದು. ತೋಟದ ಆಳು ಲೆಕ್ಕ, ಬ್ಯಾಂಕಿಗೆ ಬರೆದ ಪತ್ರ ಅಲ್ಲೇ ಇರುತ್ತವೆ. ಜಾಗ ಬದಲಿಸದಿದ್ದರೆ ಟ್ಯಾಲಿ ಡೇಟಾ ಕೂಡ ಅಲ್ಲೇ. ಕನ್ನಡದ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೇ ಫೈಲುಗಳನ್ನು ಉಳಿಸಿಕೊಂಡರೂ ಹೊಸ ವಿಂಡೋಸಿಗೆ ನುಡಿ ಫಾಂಟ್ ಹಾಕುವವರೆಗೆ ಸಂಘದ ವಾರ್ಷಿಕ ವರದಿ ತುಂಬಾ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಫೈಲ್ ಕರಪ್ಟ್ ಆಯಿತು ಅಂತ ಅಳಿಸಿಬಿಡಬೇಡಿ.

ಈಚಿನ ಲ್ಯಾಪ್‌ಟಾಪುಗಳಲ್ಲಿ ಇನ್ನೊಂದು ಬಾಗಿಲು ಇದೆ, ಬಿಟ್‌ಲಾಕರ್. ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆಗಿ ಶುರುಮಾಡಿದ ವಿಂಡೋಸ್ 11 ಅನೇಕ ಮೆಷಿನ್ನುಗಳಲ್ಲಿ ಡಿಸ್ಕಿಗೆ ತಾನೇ ಬೀಗ ಹಾಕಿಕೊಂಡಿರುತ್ತದೆ, ಮಾಲೀಕರಿಗೆ ಗೊತ್ತೇ ಇರುವುದಿಲ್ಲ. ಬಯಾಸ್ ಸೆಟ್ಟಿಂಗ್ ಬದಲಾದ ದಿನ ನೀಲಿ ಪರದೆಯಲ್ಲಿ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅದಿಲ್ಲದೆ ಉಬುಂಟುವಿಗೂ ಡಿಸ್ಕು ತೆರೆಯುವುದಿಲ್ಲ, ಅಂಗಡಿಯವನಿಗೂ ತೆರೆಯುವುದಿಲ್ಲ.

"ಅಕೌಂಟ್ ಯಾವ ಮೇಲ್ ಐಡಿದು?"

"ತಗೊಂಡಾಗ ಅಕ್ಕನ ಮಗ ಹಾಕ್ಕೊಟ್ಟಿದ್ದ."

"ಅವ್ನಿಗೆ ಫೋನ್ ಮಾಡಿ."

"ಅವ್ನು ದುಬೈಲಿದ್ದಾನೆ ಮಾರ್ರೆ, ಆ ಸಿಮ್ ಈಗಿಲ್ಲ."

ಲ್ಯಾಪ್‌ಟಾಪ್ ಚೆನ್ನಾಗಿರುವಾಗಲೇ ಆ ಅಕೌಂಟಿಗೆ ಲಾಗಿನ್ ಆಗಿ, ಡಿವೈಸಸ್ ಪುಟದಲ್ಲಿ ನಿಮ್ಮ ಮೆಷಿನ್ನಿನ ರಿಕವರಿ ಕೀ ತೆರೆದು, 48 ಅಂಕಿಯನ್ನೂ ಪಕ್ಕದ ಕೀ ಐಡಿಯನ್ನೂ ಕಾಗದದ ಮೇಲೆ ಬರೆದು ಪಹಣಿ, ಖಾತೆ ಪತ್ರ ಇರುವ ಟ್ರಂಕಿನಲ್ಲಿಡಿ. ಅದೇ ಲ್ಯಾಪ್‌ಟಾಪಿನ ಡೆಸ್ಕ್‌ಟಾಪಿನಲ್ಲಿ ಜೋಪಾನವಾಗಿ ಸೇವ್ ಮಾಡಿಟ್ಟವರೂ ಇದ್ದಾರೆ.