8.2 ಆಂಪಿಯರ್ ರೀ, 20 ಅಲ್ಲ

8.2 ಅಂದರೆ 8.2. ಬೆಳಗ್ಗೆಯಿಂದ ಪಾತ್ರೆ ತೊಳೆಯುವಾಗಲೂ ಇದನ್ನೇ ಹೇಳಿಕೊಳ್ಳುತ್ತಿದ್ದೇನೆ.

ಬಾಡಿಗೆ ಮನೆಯಲ್ಲಿ ಗೀಸರ್ ಹಾಕುವ ಸಾಕೆಟ್ ಸುಟ್ಟಿದೆ. ತಪ್ಪು ಗೀಸರಿನದು ಅಂತಾರೆ ಓನರ್. ಸಾಕೆಟ್ ಅವರದು, ಗೀಸರ್ ನನ್ನದು. ಪ್ಲಗ್ ಜೋತು ಬೀಳುತ್ತೆ, ಬಿಸಿಯಾಗುತ್ತೆ ಅಂಕಲ್ ಅಂತ ಹೋದ ವಾರವೇ ಓನರ್‌ಗೆ ಹೇಳಿದ್ದೆ. "ನೋಡೋಣಮ್ಮ" ಅಂದಿದ್ದರು. ಅವತ್ತೇ ಬೋರ್ಡಿನಲ್ಲಿ ಫೇಸ್ ವೈರ್ (ಕರೆಂಟ್ ಬರುವ ವೈರ್) ಒಂದಕ್ಕೇ ಕ್ಲ್ಯಾಂಪ್ ಮೀಟರ್, ಅಂದರೆ ವೈರನ್ನು ತಬ್ಬಿ ಕರೆಂಟ್ ಅಳೆಯುವ ಮೀಟರ್, ಹಾಕಿ ನೋಡಿದ್ದೆ. ಎಸ್‌ಪಿ ರೋಡಿನಲ್ಲಿ ನಾನೇ ತಂದ ಮೀಟರ್ ಅದು. ವೋಲ್ಟೇಜ್ 218, ಕರೆಂಟ್ 8.2. ಗುಣಿಸಿದರೆ 1,788 ವಾಟ್. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಇರುವ ತಡೆ, 26.6 ಓಮ್. 230 ವೋಲ್ಟಿಗೆ 2,000 ವಾಟ್ ಗೀಸರ್ ಅಂದರೆ ಹೆಚ್ಚು ಕಡಿಮೆ ಅಷ್ಟೇ ಇರಬೇಕು. ನೀರು ಕಾಯಿಸುವ ಕಾಯಿಲ್ ಸರಿಯಾಗಿದೆ. ಇದನ್ನೆಲ್ಲ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದಿಟ್ಟಿದ್ದೆ.

ಇವತ್ತು ಎಲೆಕ್ಟ್ರಿಷಿಯನ್ ಬಂದ. ಮೀಟರ್ ಚೀಲದಿಂದ ಹೊರಗೇ ತೆಗೆಯಲಿಲ್ಲ. "ಕಾಯಿಲ್ ಹಳೇದು ಸಾರ್. ರೆಸಿಸ್ಟೆನ್ಸ್ ಜಾಸ್ತಿ ಆಗಿದೆ, ಅದಕ್ಕೇ ಕರೆಂಟ್ ಜಾಸ್ತಿ ಎಳೀತಿದೆ. 20 ಆಂಪಿಯರ್ ಎಳೆದಿರುತ್ತೆ."

ರೆಸಿಸ್ಟೆನ್ಸ್ ಏರಿದರೆ ಕರೆಂಟ್ ಇಳಿಯುತ್ತೆ ಅಂದೆ. 20 ಎಳೆಯಬೇಕಾದರೆ ರೆಸಿಸ್ಟೆನ್ಸ್ 11 ಓಮ್‌ಗೆ ಬೀಳಬೇಕು ಅಂದೆ. ಹಾಳೆ ಕೊಟ್ಟೆ. ಅಂಕಲ್ ಅದನ್ನು ತಗೊಂಡರು. ಕಣ್ಣೂ ಹಾಯಿಸಲಿಲ್ಲ. ಸಾಕೆಟ್ಟಿನ ಸ್ಕ್ರೂಗಳನ್ನು ಅದರ ಮಧ್ಯೆ ಇಟ್ಟು, ನಾಲ್ಕು ಮಡಿಕೆ ಮಾಡಿ, ಪೊಟ್ಟಣ ಕಟ್ಟಿ ಅವನ ಕೈಗಿಟ್ಟರು. "ಸುಮ್ನಿರಮ್ಮ, ಅವನು ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡ್ತಿದ್ದಾನೆ." ಮೇಲಿನ ಮನೆಯವರು ಮೆಟ್ಟಿಲ ಮೇಲೆ ಬಕೆಟ್ ಹಿಡಿದು ನಿಂತು ನೋಡುತ್ತಿದ್ದರು. ನನ್ನ ಅಕ್ಷರ, ನನ್ನ ಲೆಕ್ಕ, ಅದರೊಳಗೆ ಮಸಿ ಹಿಡಿದ ಸ್ಕ್ರೂ. ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿದವಳು. ಅದನ್ನೂ ಹೇಳಲಾಗಲಿಲ್ಲ, ಗಂಟಲು ಕಟ್ಟಿತ್ತು.

ಸುಟ್ಟಿದ್ದು ಒಂದೇ ತೂತು. ಸುತ್ತ ಕಪ್ಪಾಗಿ, ಪ್ಲಾಸ್ಟಿಕ್ ಕರಗಿ ಒಳಗೆ ಇಳಿದಿತ್ತು. ಪಕ್ಕದ್ದು ಬೆಳ್ಳಗೇ ಇತ್ತು. ಲೂಸ್ ಕಾಂಟ್ಯಾಕ್ಟ್ ಅಲ್ವಾ ಅದು? ಅಲ್ಲಿ ಅರ್ಧ ಓಮ್ ಇದ್ದರೂ ಸಾಕು. ಕರೆಂಟಿನ ವರ್ಗವನ್ನು ರೆಸಿಸ್ಟೆನ್ಸಿನಿಂದ ಗುಣಿಸಿದರೆ ಅಲ್ಲಿ ಹುಟ್ಟುವ ಬಿಸಿ. 8.2ರ ವರ್ಗ 67, ಅದರಲ್ಲಿ ಅರ್ಧ, ಸುಮಾರು 33 ವಾಟ್. ನನ್ನ ಸಾಲ್ಡರಿಂಗ್ ಐರನ್ನೇ 25 ವಾಟ್! ಸೀಸ ಕರಗಿಸುವ ಐರನ್ನಿಗಿಂತ ಜಾಸ್ತಿ ಬಿಸಿ ಒಂದು ಪಿನ್ನಿನ ಬುಡದಲ್ಲಿ.

ಅಡ್ವಾನ್ಸಿನಲ್ಲಿ 3,500 ಹಿಡಿಯುತ್ತಾರಂತೆ. ಹೋಗಲಿ ಬಿಡಿ. ಬೆಂಗಳೂರಲ್ಲಿ ಇನ್ನೊಂದು ಮನೆ ಹುಡುಕಿ, ಮತ್ತೆ ಅಡ್ವಾನ್ಸ್ ಹೊಂದಿಸುವ ಶಕ್ತಿ ನನಗಿಲ್ಲ. ಓನರ್ ಜೊತೆ ಜಗಳ ಆಡಿ ಗೆದ್ದವರು ಯಾರು?

ಇಲ್ಲ, ಯಾಕೆ ಹೋಗಲಿ? ಹತ್ತನೇ ಕ್ಲಾಸಿನ ಪಾಠ ಇದು. ಅದೇ ವೋಲ್ಟೇಜಿನಲ್ಲಿ ರೆಸಿಸ್ಟೆನ್ಸ್ ಏರಿದರೆ ಕರೆಂಟ್ ಏರುವುದು ಯಾವ ಲೆಕ್ಕದಲ್ಲಿ? ಎಲೆಕ್ಟ್ರಿಷಿಯನ್ ಆಗಲಿ, ಫಿಸಿಕ್ಸ್ ಮೇಷ್ಟ್ರಾಗಲಿ, ಯಾರಾದರೂ ಉತ್ತರ ಕೊಡಿ. ನನ್ನದು ತಪ್ಪಿದ್ದರೆ ಸುಮ್ನೆ 3,500 ಕೊಟ್ಟುಬಿಡುತ್ತೇನೆ.

ಹೊಸ ಸಾಕೆಟ್ ಹಾಕಿ ಹೋಗಿದ್ದಾನೆ. ಸಂಜೆ ಅದೇ ಗೀಸರ್ ಹಾಕಿ, ಕಾಲು ಗಂಟೆ ಬಿಟ್ಟು ಪ್ಲಗ್ ಮುಟ್ಟಿ ನೋಡಿದೆ. ತಣ್ಣಗಿತ್ತು. ಮೀಟರಿನಲ್ಲಿ 8.2. ಫೋಟೊ ತೆಗೆದು ಅಂಕಲ್‌ಗೆ ಕಳಿಸಿದ್ದೇನೆ. ಬ್ಲೂ ಟಿಕ್ ಬಂದು ಎರಡು ಗಂಟೆ ಆಯಿತು.